ಚಳಿಗೆ ಮುನ್ನ ಮನೆಯ ಕೊಳಾಯಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲ ಮುಗಿದು ಬೆಳಗಿನ ಗಾಳಿಯಲ್ಲಿ ತಣ್ಣನೆಯ ಅಂಚು ಕಾಣಿಸಿಕೊಳ್ಳುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳು ಬಚ್ಚಲುಮನೆಯ ಕಡೆಗೆ ತಿರುಗುತ್ತವೆ. ಈ ಸಲ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳ ಪೈಕಿ ಹೆಚ್ಚಿನವರಿಗೆ ಉಪಯೋಗವಾಗಬಹುದಾದ ಏಳನ್ನು ಆರಿಸಿಕೊಂಡಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇನೆ.

ಪ್ರಶ್ನೆ: ದೀಪಾವಳಿಗೆ ಮುಂಚೆ ಪ್ಲಂಬರ್ ಕರೆಸಿ ಮನೆಯ ಕೊಳಾಯಿ, ಗೀಸರ್, ಟ್ಯಾಂಕ್ ಎಲ್ಲವನ್ನೂ ಒಮ್ಮೆ ನೋಡಿಸಬೇಕೆಂದು ತಾವು ಹಿಂದೊಮ್ಮೆ ಬರೆದಿದ್ದಿರಿ. ಪೈಪಿನಲ್ಲಿ ನೀರು ಹೆಪ್ಪುಗಟ್ಟುವ ಊರುಗಳಿಗೆ ಅದು ಸರಿ. ನಮ್ಮ ದಾವಣಗೆರೆಯಲ್ಲಿ ಅದರ ಅಗತ್ಯವೇನು? — ವಿದ್ಯಾನಗರ, ದಾವಣಗೆರೆ

ಉತ್ತರ: ತಮ್ಮ ಸಂದೇಹ ನ್ಯಾಯವಾದದ್ದೇ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ನಮ್ಮಲ್ಲಿ ಉಷ್ಣಾಂಶ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಇನ್ನೂ ಕೆಲವು ಡಿಗ್ರಿ ಇಳಿದರೂ ನೀರು ಹೆಪ್ಪುಗಟ್ಟುವ ಮಾತಿಲ್ಲ. ನಮ್ಮ ಮನೆಗಳ ಕೊಳಾಯಿಗೆ ಚಳಿಗಾಲದಲ್ಲಿ ತೊಂದರೆ ಕೊಡುವುದು ನೀರಿನಲ್ಲಿರುವ ಸುಣ್ಣ ಮತ್ತು ಆ ನೀರನ್ನು ನಾವು ಹೆಚ್ಚು ಹೊತ್ತು ಕಾಯಿಸುವ ರೀತಿ. ಇದನ್ನು ಸ್ವಲ್ಪ ಲೆಕ್ಕ ಹಾಕಿ ಹೇಳುತ್ತೇನೆ, ಏಕೆಂದರೆ ಈ ಲೆಕ್ಕ ತಿಳಿದರೆ ಚಳಿಗಾಲದ ಅರ್ಧ ದೂರುಗಳಿಗೆ ಉತ್ತರ ತಾನಾಗಿ ಸಿಗುತ್ತದೆ.

ಬೇಸಿಗೆಯಲ್ಲಿ ಮಹಡಿಯ ಮೇಲಿನ ಟ್ಯಾಂಕಿನ ನೀರು 30 ಡಿಗ್ರಿ ಇರುತ್ತದೆ ಎಂದುಕೊಳ್ಳಿ, ಚಳಿಗಾಲದ ಮುಂಜಾನೆ ಅದು 18 ಡಿಗ್ರಿಗೆ ಇಳಿದಿರುತ್ತದೆ ಎಂದುಕೊಳ್ಳಿ. ಆ ನೀರನ್ನು 60 ಡಿಗ್ರಿಗೆ ಕಾಯಿಸಲು ಬೇಸಿಗೆಯಲ್ಲಿ 30 ಡಿಗ್ರಿ ಏರಿಸಿದರೆ ಸಾಕು. ಚಳಿಗಾಲದಲ್ಲಿ 42 ಡಿಗ್ರಿ ಏರಿಸಬೇಕು. ಅಂದರೆ ಅದೇ ಗೀಸರ್ ಅದೇ ನೀರನ್ನು ಕಾಯಿಸಲು ಶೇ 40ರಷ್ಟು ಹೆಚ್ಚು ವಿದ್ಯುತ್ ಮತ್ತು ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಅಷ್ಟೇ ಅಲ್ಲ, ಸ್ನಾನಕ್ಕೆ ಬೇಕಾದ 40 ಡಿಗ್ರಿಯ ಹದಕ್ಕೆ ತಣ್ಣೀರು ಬೆರೆಸಿದಾಗ, 15 ಲೀಟರ್ ಗೀಸರಿನ ಕಾದ ನೀರು ಬೇಸಿಗೆಯಲ್ಲಿ ಸುಮಾರು 45 ಲೀಟರ್ ಸ್ನಾನದ ನೀರಾಗುತ್ತದೆ, ಚಳಿಗಾಲದಲ್ಲಿ 29 ಲೀಟರ್ ಕೂಡ ಆಗುವುದಿಲ್ಲ. ಗೀಸರ್ ಕೆಟ್ಟಿದೆ, ಸೋಲಾರ್ ಕೈಕೊಟ್ಟಿದೆ ಎಂದು ಚಳಿಗಾಲದಲ್ಲಿ ಬರುವ ದೂರುಗಳಲ್ಲಿ ಒಂದು ಪಾಲು ಈ ವ್ಯತ್ಯಾಸದ ಫಲ ಮಾತ್ರ.

ಇನ್ನು ಸುಣ್ಣದ ವಿಚಾರ. ದಾವಣಗೆರೆ ನಗರಕ್ಕೆ ನೀರು ಬರುವುದು ತುಂಗಭದ್ರಾ ನದಿಯಿಂದ ಮತ್ತು ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಿಂದ. ಹೊಳೆಯ ನೀರು ಕೊಳವೆಬಾವಿಯ ನೀರಿನಷ್ಟು ಗಡಸಲ್ಲ. ಆದರೆ ಮಳೆಗಾಲದ ಬೆಳೆಗೆ ಬಿಟ್ಟ ನಾಲೆಯ ನೀರನ್ನು ನಿಲ್ಲಿಸಿ ಬೇಸಿಗೆ ಬೆಳೆಗೆ ಮತ್ತೆ ಬಿಡುವ ನಡುವಿನ ದಿನಗಳು ಚಳಿಗಾಲದಲ್ಲೇ ಬರುತ್ತವೆ. ನಲ್ಲಿ ಬರುವ ದಿನಗಳ ಅಂತರ ಹೆಚ್ಚಾದಾಗ ಅನೇಕ ಮನೆಗಳಲ್ಲಿ ಕೊಳವೆಬಾವಿಯ ನೀರನ್ನೂ ಅದೇ ಸಂಪಿಗೆ ಬಿಟ್ಟುಕೊಳ್ಳುತ್ತಾರೆ. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ತಣ್ಣೀರಿನಲ್ಲಿ ಕಣ್ಣಿಗೆ ಕಾಣುವುದಿಲ್ಲ; ನೀರು ಕಾದಾಗ ಅದು ಒಡೆದು ಕ್ಯಾಲ್ಸಿಯಂ ಕಾರ್ಬನೇಟ್ ಆಗಿ, ಅಂದರೆ ಸುಣ್ಣದ ಕಲ್ಲಾಗಿ, ಗೀಸರಿನ ಕಾಯಿಲ್ ಮೇಲೆ ಕೂರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಅಪೇಕ್ಷಣೀಯ ಗಡಸುತನ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರಿಲ್ಲದಿದ್ದಾಗ 600ರವರೆಗೆ ಒಪ್ಪುತ್ತದೆ. ಕುಡಿಯಲು ಒಪ್ಪಿಗೆಯಾದ ನೀರು ಗೀಸರಿಗೂ ಒಪ್ಪಿಗೆ ಎಂದು ಯಾರೂ ತಿಳಿಯಬಾರದು. 300 ದಾಟಿದ ನೀರನ್ನು ದಿನಕ್ಕೆರಡು ಬಾರಿ ಕಾಯಿಸುವ ಮನೆಯಲ್ಲಿ ಕಾಯಿಲ್ ಒಂದೆರಡು ವರ್ಷಗಳಲ್ಲಿ ಬಿಳಿಯ ಗಾರೆ ಮೆತ್ತಿದಂತೆ ಆಗಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ದಿನಾಂಕದ ಬಗ್ಗೆಯೂ ಒಂದು ಮಾತು. ನರಕ ಚತುರ್ದಶಿಯ ಹಿಂದಿನ ಸಂಜೆಯ ನೀರು ತುಂಬುವ ಹಬ್ಬದಲ್ಲಿ ನಮ್ಮ ಹಿರಿಯರು ಬಚ್ಚಲು ತೊಳೆದು, ಹಂಡೆಯನ್ನು ಹುಣಸೆಹಣ್ಣಿನಿಂದ ಉಜ್ಜಿ, ಒಲೆಯ ಬೂದಿ ತೆಗೆದು, ಹೊಸ ನೀರು ತುಂಬಿಸುತ್ತಿದ್ದರು. ಹುಣಸೆಯ ಹುಳಿ ಕಿಲುಬನ್ನೂ ಸುಣ್ಣವನ್ನೂ ಒಟ್ಟಿಗೆ ಕರಗಿಸುತ್ತದೆ. ಹೀಗೆ ನೀರು ಕಾಯಿಸುವ ಪಾತ್ರೆ ವರ್ಷಕ್ಕೊಮ್ಮೆ, ಚಳಿ ಹಿಡಿಯುವುದಕ್ಕೆ ಸರಿಯಾಗಿ ಮುಂಚೆ, ಶುದ್ಧವಾಗುತ್ತಿತ್ತು. ಹಂಡೆಯ ಜಾಗಕ್ಕೆ ಗೀಸರ್ ಬಂದ ಮೇಲೆ ನಾವು ಅದರ ಹೊರಮೈಗೆ ಕುಂಕುಮ ಇಟ್ಟು ಒಳಮೈಯನ್ನು ಮರೆತಿದ್ದೇವೆ. ಹಬ್ಬದ ವಾರದಲ್ಲಿ ಪ್ಲಂಬರುಗಳಿಗೆ ಬಿಡುವಿರುವುದಿಲ್ಲವಾದ್ದರಿಂದ ಅದಕ್ಕೆ ಎರಡು ವಾರ ಮೊದಲೇ ಕರೆಸುವುದು ಒಳ್ಳೆಯದು. ಅವರು ಬಂದಾಗ ಗೀಸರಿನ ಕಾಯಿಲ್ ಬಿಚ್ಚಿಸಿ ನೋಡಿ, ಅದರ ಪಕ್ಕದಲ್ಲಿರುವ ಮೆಗ್ನೀಷಿಯಂ ಸರಳು ಸವೆದಿದ್ದರೆ ಬದಲಾಯಿಸಿ. ತೊಟ್ಟಿಯ ಉಕ್ಕು ತುಕ್ಕು ಹಿಡಿಯುವ ಬದಲು ತಾನು ಸವೆಯಲೆಂದೇ ಆ ಸರಳನ್ನು ಇಟ್ಟಿರುತ್ತಾರೆ; ಅದು ಪೂರ್ತಿ ಕರಗಿದ ಮೇಲೆ ಸರದಿ ತೊಟ್ಟಿಯದು. ಸುಣ್ಣ ತೆಗೆಯಲು ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ ಕಾಯಿಲ್ ಅನ್ನು ಅದರಲ್ಲಿ ನೆನೆಹಾಕಿದರೆ ಸಾಕು. ಶೌಚಾಲಯ ತೊಳೆಯುವ ಆಸಿಡ್ಡನ್ನು ಗೀಸರಿಗೆ ಬಳಸಲು ದಯವಿಟ್ಟು ಬಿಡಬೇಡಿ, ಅದು ಸುಣ್ಣದ ಜೊತೆಗೆ ಲೋಹವನ್ನೂ ತಿನ್ನುತ್ತದೆ.

ಪ್ರಶ್ನೆ: ನಮ್ಮ ಮನೆಯಲ್ಲಿ 200 ಲೀಟರಿನ ಟ್ಯೂಬ್ ಮಾದರಿಯ ಸೋಲಾರ್ ಇದೆ. ಸಂಜೆ ನೋಡಿದರೆ ನೀರು ಚೆನ್ನಾಗಿ ಕಾದಿರುತ್ತದೆ, ಬೆಳಿಗ್ಗೆ ಆರಕ್ಕೆ ಉಗುರುಬೆಚ್ಚಗಿರುತ್ತದೆ. ಬೇಸಿಗೆಯಲ್ಲಿ ಈ ತೊಂದರೆ ಇರಲಿಲ್ಲ. ಟ್ಯೂಬುಗಳನ್ನೆಲ್ಲ ಬದಲಾಯಿಸಬೇಕೆಂದು ಒಬ್ಬರು ಹೇಳಿಹೋದರು. ಏನು ಮಾಡಲಿ? — ಚಿತ್ರದುರ್ಗ

ಉತ್ತರ: ಅಮ್ಮಾ, ಟ್ಯೂಬುಗಳಿಗೆ ಹಣ ಕೊಡುವ ಮೊದಲು ಹತ್ತು ನಿಮಿಷದ ಒಂದು ಪರೀಕ್ಷೆ ಮಾಡಿ. ಸಂಜೆ ನೀರು ಕಾದಿದೆ ಎಂದರೆ ಟ್ಯೂಬುಗಳು ತಮ್ಮ ಕೆಲಸ ಮಾಡಿವೆ ಎಂದೇ ಅರ್ಥ; ಕಾದ ನೀರು ರಾತ್ರಿಯಲ್ಲಿ ಎಲ್ಲಿ ಹೋಯಿತು ಎಂಬುದನ್ನು ಹುಡುಕಬೇಕು. ಮಹಡಿಗೆ ಹೋಗಿ ಸೋಲಾರ್ ತೊಟ್ಟಿಗೆ ತಣ್ಣೀರು ಹೋಗುವ ವಾಲ್ವ್ ಮುಚ್ಚಿ. ಕೆಳಗೆ ಬಂದು ಬಚ್ಚಲಿನ ಬಿಸಿನೀರಿನ ನಲ್ಲಿಯನ್ನು ಮಾತ್ರ ಪೂರ್ತಿ ತೆರೆಯಿರಿ. ತೊಟ್ಟಿಯ ಮೇಲ್ಭಾಗದ ನೀರು ಮತ್ತು ಪೈಪಿನಲ್ಲಿ ಉಳಿದ ನೀರು ಹರಿದು ಸ್ವಲ್ಪ ಹೊತ್ತಿನಲ್ಲಿ ನಲ್ಲಿ ನಿಂತುಹೋಗಬೇಕು. ನಿಲ್ಲದೆ ತಣ್ಣೀರು ಬರುತ್ತಲೇ ಇದ್ದರೆ, ಮನೆಯ ಯಾವುದೋ ಮಿಕ್ಸರಿನಲ್ಲಿ (ಬಿಸಿನೀರು, ತಣ್ಣೀರು ಬೆರೆಸಿಕೊಡುವ ನಲ್ಲಿಯಲ್ಲಿ) ತಣ್ಣೀರಿನ ಸಾಲು ಬಿಸಿನೀರಿನ ಸಾಲಿಗೆ ನುಗ್ಗುತ್ತಿದೆ ಎಂದು ಖಚಿತವಾಯಿತು. ಶವರಿನ ಮಿಕ್ಸರಿನ ಎರಡೂ ತಿರುಪುಗಳನ್ನು ತೆರೆದೇ ಇಟ್ಟು ತುದಿಯ ಕೈ ನಳಿಕೆಯನ್ನು ಮಾತ್ರ ಮುಚ್ಚಿದಾಗ ಹೀಗಾಗುವುದು ಬಹಳ ಸಾಮಾನ್ಯ. ಓವರ್‌ಹೆಡ್ ಟ್ಯಾಂಕ್ ಸೋಲಾರಿಗಿಂತ ಎತ್ತರದಲ್ಲಿರುವುದರಿಂದ ತಣ್ಣೀರಿನ ಒತ್ತಡ ಹೆಚ್ಚು. ಅದು ರಾತ್ರಿಯಿಡೀ ಬಿಸಿನೀರನ್ನು ಹಿಂದಕ್ಕೆ ತಳ್ಳಿ ತೊಟ್ಟಿಯಲ್ಲಿ ಬೆರೆಯುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲವಾದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಮಿಕ್ಸರಿನ ಒಳಗಿನ ಕಾರ್ಟ್ರಿಜ್ ಅಥವಾ ವಾಷರ್ ಬದಲಿಸಿ, ಬಿಸಿನೀರಿನ ಸಾಲಿಗೆ ನೀರು ಹಿಂದಕ್ಕೆ ಹೋಗದಂತೆ ತಡೆಯುವ ಒಂದು ನಾನ್-ರಿಟರ್ನ್ ವಾಲ್ವ್ ಹಾಕಿಸಿದರೆ ತೊಂದರೆ ನಿಲ್ಲುತ್ತದೆ. ಬೇಸಿಗೆಯಲ್ಲೂ ಈ ಬೆರಕೆ ಇದ್ದಿರಬಹುದು, ಆದರೆ ಬೆರೆಯುವ ನೀರೇ ಬೆಚ್ಚಗಿದ್ದುದರಿಂದ ಗೊತ್ತಾಗಿರಲಿಕ್ಕಿಲ್ಲ.

ನಲ್ಲಿ ನಿಂತುಹೋದರೆ ಮುಂದಿನ ಅನುಮಾನ ನೆರಳಿನ ಮೇಲೆ. ಚಿತ್ರದುರ್ಗ ಇರುವುದು ಉತ್ತರ ಅಕ್ಷಾಂಶ 14 ಡಿಗ್ರಿಯ ಸುಮಾರಿನಲ್ಲಿ. ಡಿಸೆಂಬರ್ 21ರ ಹೊತ್ತಿಗೆ ನಡುಮಧ್ಯಾಹ್ನವೂ ಸೂರ್ಯ ನೆತ್ತಿಗೆ ಬರದೆ, ದಕ್ಷಿಣ ದಿಗಂತದಿಂದ ಸುಮಾರು 52 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಆಗ 10 ಅಡಿ ಎತ್ತರದ ಗೋಡೆಯ ನೆರಳು ಉತ್ತರಕ್ಕೆ ಹೆಚ್ಚುಕಡಿಮೆ 8 ಅಡಿ ಚಾಚುತ್ತದೆ; ಬೆಳಿಗ್ಗೆ, ಸಂಜೆ ಇನ್ನೂ ಉದ್ದ. ಏಪ್ರಿಲಿನಲ್ಲಿ ಅಳವಡಿಸುವಾಗ ಬಿಸಿಲಿನಲ್ಲೇ ಇದ್ದ ಸೋಲಾರ್, ಪಕ್ಕದ ಮನೆಯವರು ದಕ್ಷಿಣಕ್ಕೆ ಮೇಲೊಂದು ಅಂತಸ್ತು ಕಟ್ಟಿದ ಮೇಲೆ ಚಳಿಗಾಲದಲ್ಲಿ ಮಾತ್ರ ನೆರಳಿಗೆ ಸೇರಿರುವುದುಂಟು. ಒಂದು ಭಾನುವಾರ ಹತ್ತು ಗಂಟೆಗೆ, ಹನ್ನೆರಡಕ್ಕೆ, ಮೂರಕ್ಕೆ ಮಹಡಿ ಹತ್ತಿ ನೋಡಿದರೆ ತಿಳಿಯುತ್ತದೆ. ಟ್ಯೂಬುಗಳ ಮೇಲಿನ ಧೂಳನ್ನು ಒದ್ದೆ ಬಟ್ಟೆಯಿಂದ ಬೆಳಗಿನ ಹೊತ್ತು ಒರೆಸಿ. ಟ್ಯೂಬ್ ಬರಿದಾಗಿ ಬಿಸಿಲಿಗೆ ಕಾದಿರುವಾಗ ನಡುಮಧ್ಯಾಹ್ನ ತಣ್ಣೀರು ತುಂಬಬಾರದು, ಗಾಜು ಸಿಡಿಯುತ್ತದೆ. ನೀರು ನಿಂತುಹೋಗಿ ತೊಟ್ಟಿ ಖಾಲಿಯಾದ ದಿನ ಸಂಜೆಯವರೆಗೆ ಕಾಯುವುದೇ ಕ್ಷೇಮ.

ಇನ್ನು ಸೋಲಾರಿನಿಂದ ಬಚ್ಚಲಿಗೆ ಬರುವ ಪೈಪು. ಬಿಸಿನೀರಿಗೆ ಬಳಸುವ ಸಿಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಮುಕ್ಕಾಲು ಇಂಚಿನ ಪೈಪಿನ ಪ್ರತಿ ಮೀಟರಿನಲ್ಲಿ ಕಾಲು ಲೀಟರ್ ನೀರು ನಿಂತಿರುತ್ತದೆ. 15 ಮೀಟರ್ ದೂರವಿದ್ದರೆ ಸುಮಾರು ನಾಲ್ಕು ಲೀಟರ್ ತಣ್ಣಗಾದ ನೀರು ಹೋದ ಮೇಲೆಯೇ ಬಿಸಿನೀರು ಬರುವುದು, ಮತ್ತು ಎರಡು ಸ್ನಾನಗಳ ನಡುವೆ ಅರ್ಧ ಗಂಟೆ ಕಳೆದರೆ ಅದು ಮತ್ತೆ ತಣ್ಣಗಾಗುತ್ತದೆ. ಮಹಡಿಯ ಮೇಲೆ ಬಯಲಿನಲ್ಲಿರುವ ಬಿಸಿನೀರಿನ ಪೈಪಿಗೆ ಕಪ್ಪು ರಬ್ಬರ್ ಫೋಮಿನ ಕವಚ ಹಾಕಿಸಿ, ಅದರ ಮೇಲೆ ಬಿಸಿಲು ತಾಗದಂತೆ ಅಲ್ಯೂಮಿನಿಯಂ ಟೇಪ್ ಸುತ್ತಿಸಿ. ಟೇಪ್ ಸುತ್ತದೆ ಬಿಟ್ಟ ಫೋಮ್ ನಮ್ಮ ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಪುಡಿಯಾಗಿ ಉದುರುತ್ತದೆ. ಮನೆಯವರೆಲ್ಲ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸುವುದು, ಮೊದಲು ಬರುವ ತಣ್ಣೀರನ್ನು ಬಕೆಟ್ಟಿನಲ್ಲಿ ಹಿಡಿದು ಪಾತ್ರೆಗೋ ಗಿಡಕ್ಕೋ ಬಳಸುವುದು, ಇವೆರಡು ಖರ್ಚಿಲ್ಲದ ಉಪಾಯಗಳು. ಮೋಡ ಕವಿದ ನವೆಂಬರಿನ ದಿನಗಳಿಗೆ ತೊಟ್ಟಿಯೊಳಗಿನ ವಿದ್ಯುತ್ ಕಾಯಿಲ್ ಇದ್ದೇ ಇದೆ. ಅದನ್ನು ರಾತ್ರಿಯಿಡೀ ಹಾಕಿಡದೆ ಬೆಳಗಿನ ಜಾವ ಬೇಕಾದಷ್ಟು ಹೊತ್ತು ಮಾತ್ರ ಹಾಕಿ.

ಪ್ರಶ್ನೆ: ಹೊಸ ಗೀಸರಿನ ಕೆಳಗಿರುವ ವಾಲ್ವಿನಿಂದ ನೀರು ಕಾಯುವಾಗಲೆಲ್ಲ ಹನಿ ತೊಟ್ಟಿಕ್ಕುತ್ತದೆ. ನಮ್ಮ ಪರಿಚಯದ ಪ್ಲಂಬರ್ ಅದಕ್ಕೆ ಬಿರಡೆ ಹಾಕಿ ಬಂದ್ ಮಾಡಿಕೊಡುತ್ತೇನೆ ಎನ್ನುತ್ತಾರೆ. ಮಾಡಿಸಬಹುದೇ? — ಹರಿಹರ

ಉತ್ತರ: ಖಂಡಿತ ಮಾಡಿಸಬೇಡಿ. ಆ ಹನಿ ದೋಷವಲ್ಲ, ಗೀಸರ್ ಸುರಕ್ಷಿತವಾಗಿ ಕೆಲಸ ಮಾಡುತ್ತಿರುವುದರ ಗುರುತು. ನೀರು ಕಾದಂತೆ ಹಿಗ್ಗುತ್ತದೆ: 25 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಕಾಯಿಸಿದರೆ ಅದರ ಗಾತ್ರ ಮೂರನೇ ಒಂದು ಲೀಟರಿಗಿಂತಲೂ ತುಸು ಹೆಚ್ಚುತ್ತದೆ. ತಣ್ಣೀರು ಬರುವ ದಾರಿಯಲ್ಲಿ ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್ ಇರುವುದರಿಂದ, ನಲ್ಲಿಗಳೂ ಮುಚ್ಚಿರುವುದರಿಂದ, ಆ ಹೆಚ್ಚುವರಿ ನೀರಿಗೆ ಹೊರಬರಲು ಇರುವುದು ಆ ಸಣ್ಣ ರಂಧ್ರ ಒಂದೇ. ಅದನ್ನು ಮುಚ್ಚಿದರೆ ಪ್ರತಿದಿನದ ಒತ್ತಡವನ್ನೂ ತೊಟ್ಟಿಯ ಬೆಸುಗೆಗಳೇ ತಾಳಬೇಕಾಗುತ್ತದೆ. ಥರ್ಮೋಸ್ಟಾಟ್ ಒಂದು ದಿನ ಕೈಕೊಟ್ಟು ನೀರು ಕುದಿದರಂತೂ ಒತ್ತಡ ಹೊರಹೋಗಲು ದಾರಿಯೇ ಇಲ್ಲದೆ ತೊಟ್ಟಿ ಸಿಡಿಯುತ್ತದೆ. ಗೋಡೆ ಒಡೆದ, ಜನ ಸತ್ತ ಗೀಸರ್ ಅವಘಡಗಳ ಹಿಂದೆ ಇಂಥ ಮುಚ್ಚಿದ ಅಥವಾ ಸುಣ್ಣ ಕಟ್ಟಿ ಬಿಗಿದುಹೋದ ವಾಲ್ವ್ ಇರುವುದುಂಟು. ತೊಟ್ಟಿಕ್ಕುವ ನೀರು ತಲೆಯ ಮೇಲೆ ಬೀಳದಂತೆ ಅದಕ್ಕೊಂದು ಸಣ್ಣ ನಳಿಕೆ ಸಿಕ್ಕಿಸಿ ತುದಿಯನ್ನು ಬಚ್ಚಲಿನ ಮೋರಿಗೆ ಬಿಡಿ. ಗೀಸರ್ ಆರಿಸಿದ ಮೇಲೂ ದಿನವಿಡೀ ಹನಿ ನಿಲ್ಲದಿದ್ದರೆ ಮಾತ್ರ ವಾಲ್ವಿನಲ್ಲಿ ಕಸ ಸಿಕ್ಕಿದೆ ಎಂದು ತಿಳಿದು ಹೊಸದನ್ನು ಹಾಕಿಸಿ.

ಗೀಸರಿನ ವಿಚಾರ ಬಂದದ್ದರಿಂದ ಇಷ್ಟನ್ನು ಸೇರಿಸುತ್ತೇನೆ. ಎರಡು ಕಿಲೋವ್ಯಾಟ್ ಗೀಸರಿಗೆ 15 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಏರಿಸಲು ಲೆಕ್ಕದ ಪ್ರಕಾರ 21 ನಿಮಿಷ ಬೇಕು, ವಿದ್ಯುತ್ ಮುಕ್ಕಾಲು ಯೂನಿಟ್ಟಿನೊಳಗೆ. ತಮ್ಮಲ್ಲಿ ಅದು 40 ನಿಮಿಷವಾದರೂ ಕಾಯದಿದ್ದರೆ ಕಾಯಿಲ್ ಸುಣ್ಣ ಕಟ್ಟಿದೆ ಅಥವಾ ಕರೆಂಟಿನ ವೋಲ್ಟೇಜ್ ತೀರ ಇಳಿದಿದೆ. 16 ಆಂಪಿಯರಿನ ಸಾಕೆಟ್, ಸರಿಯಾದ ಅರ್ತಿಂಗ್, ಮತ್ತು 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಮೂರೂ ಇರಲೇಬೇಕು. ಆರ್‌ಸಿಸಿಬಿಯ ಮೇಲಿರುವ ಪರೀಕ್ಷೆಯ ಗುಂಡಿಯನ್ನು ಚಳಿಗಾಲ ಶುರುವಾಗುವ ಮೊದಲು ಒಮ್ಮೆ ಒತ್ತಿ ನೋಡಿ. ಕರೆಂಟ್ ತಕ್ಷಣ ಕಡಿಯಬೇಕು. ಮಕ್ಕಳಿರುವ ಮನೆಯಲ್ಲಿ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಎಂಬ ಕ್ರಮವನ್ನು ಎಲ್ಲರೂ ಪಾಲಿಸಬೇಕು. 60 ಡಿಗ್ರಿಯ ನೀರು ಕೆಲವೇ ಕ್ಷಣಗಳಲ್ಲಿ ಚರ್ಮ ಸುಡುತ್ತದೆ.

ಪ್ರಶ್ನೆ: ಮೂರು ವರ್ಷದ ಹಿಂದೆ ಕಟ್ಟಿಸಿದ ಮನೆ. ಪ್ರತಿ ಡಿಸೆಂಬರಿನಲ್ಲೂ ಬಚ್ಚಲಿನ ಗೋಡೆಯಲ್ಲಿ ತೇವ ಕಾಣಿಸಿಕೊಳ್ಳುತ್ತದೆ, ಮಾರ್ಚಿಗೆ ಒಣಗುತ್ತದೆ. ಚಳಿಗೆ ಪೈಪು ಒಡೆಯುತ್ತದೆಯೇ? — ಹೊಳಲ್ಕೆರೆ

ಉತ್ತರ: ನಮ್ಮ ಚಳಿಗೆ ಪೈಪು ಒಡೆಯುವುದಿಲ್ಲ, ಆದರೆ ಕೂಡುಜಾಗಗಳು ಬಿಡುತ್ತವೆ. ಪ್ಲಾಸ್ಟಿಕ್ ಪೈಪು ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗುವುದು ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು. 10 ಮೀಟರ್ ಉದ್ದದ ಸಿಪಿವಿಸಿ ಪೈಪು 40 ಡಿಗ್ರಿ ಬಿಸಿಯಾದರೆ ಸುಮಾರು 25 ಮಿಲಿಮೀಟರ್, ಅಂದರೆ ಒಂದು ಇಂಚಿನಷ್ಟು ಉದ್ದವಾಗುತ್ತದೆ. ಚಳಿಗಾಲದಲ್ಲಿ ರಾತ್ರಿ 16 ಡಿಗ್ರಿಯಲ್ಲಿದ್ದ ಪೈಪಿಗೆ ಬೆಳಿಗ್ಗೆ ಏಕಾಏಕಿ 60 ಡಿಗ್ರಿಯ ನೀರು ನುಗ್ಗುತ್ತದೆ. ಬೇಸಿಗೆಯಲ್ಲಿ ಬಿಸಿನೀರಿನ ಬಳಕೆಯೇ ಕಡಿಮೆ. ಹೀಗೆ ಎಳೆದಾಟ ಹೆಚ್ಚಿದಾಗ ಸರಿಯಾಗಿ ಅಂಟದ ಕೂಡುಜಾಗ ತುಸುವೇ ಬಾಯಿಬಿಡುತ್ತದೆ. ತಮ್ಮಲ್ಲಿ ತೇವ ಚಳಿಗಾಲದಲ್ಲಷ್ಟೇ ಕಾಣುವುದರಿಂದ ದೋಷ ಬಿಸಿನೀರಿನ ಸಾಲಿನಲ್ಲೇ ಇರಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು ತಿಳಿಯಬೇಕಾದದ್ದು ಗೋಡೆಯೊಳಗೆ ಯಾವ ಪೈಪು ಹೋಗಿದೆ ಎಂಬುದನ್ನು. ಗೀಸರಿನ ಬಳಿ ಹೊರಗೆ ಕಾಣುವ ತುಂಡನ್ನು ನೋಡಿ: ಸಿಪಿವಿಸಿ ಸಾಮಾನ್ಯವಾಗಿ ಕೆನೆಬಣ್ಣದ್ದು, ತಣ್ಣೀರಿನ ಯುಪಿವಿಸಿ ಬಿಳಿಯದು, ಮತ್ತು ಹೆಸರು ಪೈಪಿನ ಮೇಲೆಯೇ ಅಚ್ಚಾಗಿರುತ್ತದೆ. ಸಿಪಿವಿಸಿ 90 ಡಿಗ್ರಿಯವರೆಗಿನ ನೀರನ್ನು ತಾಳುತ್ತದೆ. ಯುಪಿವಿಸಿ 60 ಡಿಗ್ರಿಯ ಹೊತ್ತಿಗೆ ಮೆತ್ತಗಾಗತೊಡಗುತ್ತದೆ. ಖರ್ಚು ಉಳಿಸಲು ಬಿಸಿನೀರಿಗೂ ಬಿಳಿ ಪೈಪನ್ನೇ ಎಳೆದ ಮನೆಗಳನ್ನು ನೋಡಿದ್ದೇನೆ; ನನ್ನ ಸ್ವಂತ ಸಂಬಂಧಿಕರ ಮನೆಯಲ್ಲಿ ಗುತ್ತಿಗೆದಾರರು ಹಾಗೆ ಮಾಡಿ, ಎರಡನೆಯ ಚಳಿಗಾಲಕ್ಕೆ ಟೈಲ್ಸ್ ಒಡೆದು ಎಲ್ಲವನ್ನೂ ಹೊಸದಾಗಿ ಹಾಕಿಸಬೇಕಾಯಿತು. ಆ ಮನೆಯ ಯಜಮಾನಿ ಉಳಿಸಿದ ಹಣದ ಹಲವು ಪಟ್ಟನ್ನು ಕಳೆದುಕೊಂಡದ್ದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಪೈಪು ಸರಿಯಾಗಿದ್ದು ಅಂಟು ತಪ್ಪಾಗಿರುವುದೂ ಉಂಟು. ಸಿಪಿವಿಸಿಗೆ ಅದರದ್ದೇ ಸಾಲ್ವೆಂಟ್ ಸಿಮೆಂಟ್ ಬೇಕು. ಬಿಳಿ ಪೈಪಿನ ಅಂಟು ಅಲ್ಲಿ ನಿಲ್ಲುವುದಿಲ್ಲ. ದುರಸ್ತಿ ಮಾಡಿಸುವಾಗ ಇದನ್ನು ಕಣ್ಣಾರೆ ನೋಡಿ, ಅಂಟಿಸಿದ ಮೇಲೆ ಒಂದು ದಿನ ಪೂರ್ತಿ ಬಿಸಿನೀರು ಬಿಡಬೇಡಿ. ತಣ್ಣನೆಯ ಹವೆಯಲ್ಲಿ ಅಂಟು ನಿಧಾನವಾಗಿ ಗಟ್ಟಿಯಾಗುತ್ತದೆ. ಗೋಡೆ ಮುಚ್ಚುವ ಮೊದಲು ಒತ್ತಡದ ಪಂಪಿನಿಂದ ಪರೀಕ್ಷೆ ಮಾಡಿಸಿ, ಮಾಪಕದ ಮುಳ್ಳು ಕೆಲವು ಗಂಟೆ ಇಳಿಯದೆ ನಿಂತರೆ ಮಾತ್ರ ಪ್ಲಾಸ್ಟರಿಗೆ ಒಪ್ಪಿಗೆ ಕೊಡಿ.

ಪ್ರಶ್ನೆ: ಮಗ, ಸೊಸೆ ಅಮೆರಿಕದ ಮಿನಿಯಾಪೊಲಿಸಿನಲ್ಲಿದ್ದಾರೆ. ಈ ಜನವರಿಯಲ್ಲಿ ಅವರು ಎರಡು ವಾರ ಊರಿಗೆ ಬರುವಾಗ ನಾವಿಬ್ಬರೂ ಅಲ್ಲಿಯ ಮನೆಯಲ್ಲೇ ಇರುತ್ತೇವೆ. ಬಹಳ ಚಳಿಯಾದ ರಾತ್ರಿ ನಲ್ಲಿಯನ್ನು ಹನಿಹನಿಯಾಗಿ ಬಿಟ್ಟಿರಬೇಕೆಂದು ಮಗ ಹೇಳುತ್ತಾನೆ. ಜೀವನವಿಡೀ ಹನಿ ನೀರು ಉಳಿಸಿದವರಿಗೆ ಇದು ಮನಸ್ಸಿಗೆ ಒಪ್ಪುತ್ತಿಲ್ಲ. — ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ತಮ್ಮ ಮಗ ಹೇಳಿದ್ದು ಸರಿಯಾಗಿದೆ, ಮತ್ತು ಕಾರಣ ತಿಳಿದರೆ ತಮಗೂ ಒಪ್ಪಿಗೆಯಾಗುತ್ತದೆ ಎಂದು ನಂಬಿದ್ದೇನೆ. ಆ ಊರಿನಲ್ಲಿ ಜನವರಿಯ ರಾತ್ರಿಗಳು ಸೊನ್ನೆಗಿಂತ ಹತ್ತು ಡಿಗ್ರಿಗೂ ಕೆಳಗಿಳಿಯುವುದು ಸಾಮಾನ್ಯ. ನೀರು ಮಂಜುಗಡ್ಡೆಯಾಗುವಾಗ ಗಾತ್ರದಲ್ಲಿ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಗಡ್ಡೆ ಕಟ್ಟಿದ ಜಾಗದಲ್ಲೇ ಪೈಪು ಸೀಳುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಬಹುತೇಕ ನಡೆಯುವುದು ಬೇರೆ: ಗಡ್ಡೆ ಬೆಳೆಯುತ್ತ ಬೆಳೆಯುತ್ತ, ಅದಕ್ಕೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರನ್ನು ಒತ್ತುತ್ತದೆ. ಹೋಗಲು ದಾರಿಯಿಲ್ಲದ ಆ ನೀರಿನ ಒತ್ತಡಕ್ಕೆ ಪೈಪು, ಗಡ್ಡೆಯಿಲ್ಲದ ಜಾಗದಲ್ಲಿ ಒಡೆಯುತ್ತದೆ. ನಲ್ಲಿ ತುಸು ತೆರೆದಿದ್ದರೆ ಒತ್ತಡ ಅಲ್ಲಿಂದ ಹೊರಹೋಗುತ್ತದೆ. ಹರಿಹರದ ಓದುಗರ ಗೀಸರಿನ ಹನಿಗೂ ಈ ಹನಿಗೂ ಕೆಲಸ ಒಂದೇ. ಸೆಕೆಂಡಿಗೊಂದರಂತೆ ತೊಟ್ಟಿಕ್ಕಿದರೆ ದಿನಕ್ಕೆ ಸುಮಾರು ಒಂದು ಬಕೆಟ್ ನೀರು ಹೋಗಬಹುದು. ಪೈಪು ಒಡೆದರೆ ಅಷ್ಟು ನೀರು ಒಂದೆರಡು ನಿಮಿಷದಲ್ಲಿ ಮನೆಯೊಳಗೆ ಹರಿಯುತ್ತದೆ. ಪ್ರತಿ ರಾತ್ರಿಯೂ ಬಿಡಬೇಕಾಗಿಲ್ಲ. ಹೊರಗೋಡೆಗೆ ಅಂಟಿದ ಸಿಂಕಿನ ನಲ್ಲಿಗಳನ್ನು ಮಾತ್ರ, ತೀವ್ರ ಚಳಿಯ ರಾತ್ರಿಗಳಲ್ಲಿ ಬಿಟ್ಟರೆ ಸಾಕು. ಅಲ್ಲಿಯವರು ಎಚ್ಚರಿಕೆಯ ಗೆರೆಯಾಗಿ ಹೇಳುವುದು 20 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ ಸೊನ್ನೆಗಿಂತ ಸುಮಾರು 7 ಡಿಗ್ರಿ ಕೆಳಗೆ. ಪಾತ್ರೆಯಿಟ್ಟು ಹಿಡಿದರೆ ಆ ನೀರು ಅಡುಗೆಮನೆಗೇ ಆಗುತ್ತದೆ.

ಅವರು ಹೊರಡುವ ಮೊದಲು ಮುಖ್ಯ ನೀರಿನ ವಾಲ್ವ್ ನೆಲಮಾಳಿಗೆಯಲ್ಲಿ ಎಲ್ಲಿದೆ ಎಂದು ತೋರಿಸಿಕೊಂಡು, ತಾವೇ ಒಮ್ಮೆ ಮುಚ್ಚಿ ತೆರೆದು ನೋಡಿ. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಅಂಗಳದ ನಲ್ಲಿಗೆ ಸಿಕ್ಕಿಸಿದ ರಬ್ಬರ್ ಪೈಪನ್ನು ಚಳಿಗಾಲಕ್ಕೆ ಮೊದಲೇ ಬಿಚ್ಚಿದ್ದಾರೆಯೇ ಎಂದು ಕೇಳಿ. ಬಿಚ್ಚದಿದ್ದರೆ ಅದರಲ್ಲಿ ನಿಂತ ನೀರು ಹೆಪ್ಪುಗಟ್ಟಿ ಗೋಡೆಯೊಳಗಿನ ಪೈಪಿನವರೆಗೂ ಹಬ್ಬುತ್ತದೆ. ಒಂದೆರಡು ದಿನ ಬೇರೆ ಊರಿಗೆ ಹೋದರೂ ಹೀಟರನ್ನು 55 ಡಿಗ್ರಿ ಫ್ಯಾರನ್‌ಹೀಟಿಗಿಂತ (ಸುಮಾರು 13 ಡಿಗ್ರಿ ಸೆಲ್ಸಿಯಸ್) ಕೆಳಗೆ ಇಳಿಸಬೇಡಿ, ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ, ಕೋಣೆಯ ಬೆಚ್ಚನೆಯ ಗಾಳಿ ಪೈಪಿಗೆ ತಾಗಲಿ. ನಲ್ಲಿಯಲ್ಲಿ ನೀರು ಬಾರದೆ ನಿಂತರೆ ನಲ್ಲಿಯನ್ನು ತೆರೆದೇ ಇಟ್ಟು, ಕೂದಲು ಒಣಗಿಸುವ ಯಂತ್ರದಿಂದ ನಲ್ಲಿಯ ತುದಿಯಿಂದ ಆರಂಭಿಸಿ ಹಿಂದಕ್ಕೆ ಪೈಪನ್ನು ಬೆಚ್ಚಗೆ ಮಾಡುತ್ತ ಹೋಗಬೇಕು. ಬೆಂಕಿಯ ಜ್ವಾಲೆ ಹಿಡಿಯಕೂಡದು, ಅಲ್ಲಿಯ ಮನೆಗಳ ಗೋಡೆಗಳಲ್ಲಿ ಮರವೇ ಹೆಚ್ಚು. ಇದೆಲ್ಲ ಪರದೇಶದ ವಿಚಾರ ಮಾತ್ರ ಎಂದುಕೊಳ್ಳಬೇಕಾಗಿಲ್ಲ. ಡಿಸೆಂಬರ್ 21ರಿಂದ 40 ದಿನ ನಡೆಯುವ ಚಿಲ್ಲೈ ಕಲಾನ್ ಎಂಬ ಕಡುಚಳಿಯ ಅವಧಿಯಲ್ಲಿ ಶ್ರೀನಗರದ ಮನೆಗಳ ಕೊಳಾಯಿಗಳೂ ಹೀಗೆಯೇ ಹೆಪ್ಪುಗಟ್ಟುತ್ತವೆ; ಸೇನೆಯಲ್ಲಿದ್ದು ಬಂದ ನಮ್ಮೂರಿನವರನ್ನು ಕೇಳಿದರೆ ಇದನ್ನೇ ಹೇಳುತ್ತಾರೆ.

ಪ್ರಶ್ನೆ: ಸೋಲಾರಿನ ಬಿಸಿನೀರನ್ನೇ ಚಳಿಗಾಲದಲ್ಲಿ ಅಡುಗೆಗೆ ಹಿಡಿದರೆ ಗ್ಯಾಸ್ ಉಳಿಯುತ್ತದೆ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಸರಿಯೇ? — ಜಗಳೂರು

ಉತ್ತರ: ಪಾತ್ರೆ ತೊಳೆಯಲು ಧಾರಾಳವಾಗಿ ಬಳಸಿ, ಅಡುಗೆಗೆ ಮತ್ತು ಕುಡಿಯಲು ಬೇಡ. ತೊಟ್ಟಿಯ ತಳದಲ್ಲಿ ಸುಣ್ಣದ ಗಸಿ, ಸವೆದ ಸರಳಿನ ಪುಡಿ ಕೂಡಿರುತ್ತವೆ, ನೀರು ದಿನಗಟ್ಟಲೆ ಅಲ್ಲೇ ನಿಂತಿರುತ್ತದೆ. ಜೊತೆಗೆ ತಮ್ಮದು ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ತೊಂದರೆ ಇರುವ ಪ್ರದೇಶ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಅಡುಗೆಗೂ ಬಳಸಬಾರದು. ಶುದ್ಧ ನೀರಿನ ಘಟಕದ ನೀರನ್ನು ಅಡುಗೆಗೂ ತನ್ನಿ ಎಂದು ಅತ್ತೆಯವರಿಗೆ ನನ್ನ ಪರವಾಗಿ ಹೇಳಿ.

ಪ್ರಶ್ನೆ: ಕರೆಂಟ್ ಕೈಕೊಡುವುದರಿಂದ ಬಚ್ಚಲಿನಲ್ಲೇ ಗ್ಯಾಸ್ ಗೀಸರ್ ಹಾಕಿಸಿದ್ದೇವೆ. ಚಳಿಗಾಳಿ ಬರುತ್ತದೆಂದು ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಬಡಿಸಬೇಕೆಂದಿದ್ದೇವೆ. — ಹಿರಿಯೂರು

ಉತ್ತರ: ಈ ಪತ್ರ ಓದಿ ನನಗೆ ಗಾಬರಿಯಾಯಿತು. ಹಾಳೆ ಬಡಿಸಬೇಡಿ, ಮತ್ತು ಗೀಸರನ್ನು ಆದಷ್ಟು ಬೇಗ ಬಚ್ಚಲಿನಿಂದ ಹೊರಗೆ, ಗಾಳಿಯಾಡುವ ಹಿತ್ತಿಲ ಗೋಡೆಗೆ ಹಾಕಿಸಿ, ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತನ್ನಿ. ಗ್ಯಾಸ್ ಉರಿಯಲು ಸಾಕಷ್ಟು ಗಾಳಿ ಸಿಗದಿದ್ದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತಕ್ಕೆ ಆಮ್ಲಜನಕ ಸೇರದಂತೆ ತಡೆಯುತ್ತದೆ. ತಲೆ ಸುತ್ತಿದಂತೆ ಆಗುವ ಹೊತ್ತಿಗೆ ಎದ್ದು ಚಿಲಕ ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ. ಬಾಗಿಲು ಹಾಕಿಕೊಂಡು ಸ್ನಾನಕ್ಕೆ ಹೋದವರು ಹೊರಗೆ ಬಾರದ ಸುದ್ದಿಗಳು ಚಳಿಗಾಲದಲ್ಲೇ ಹೆಚ್ಚು ಬರುವುದು ಕಿಟಕಿಗಳನ್ನು ಹೀಗೆ ಮುಚ್ಚುವುದರಿಂದ. ಗೀಸರ್ ಹೊರಗೆ ಹೋಗುವವರೆಗೆ ನೀರನ್ನು ಬಕೆಟ್ಟಿಗೆ ತುಂಬಿಸಿಕೊಂಡು, ಗೀಸರ್ ಆರಿಸಿ, ಕಿಟಕಿ, ಬಾಗಿಲು ತೆರೆದು ಐದು ನಿಮಿಷ ಗಾಳಿಯಾಡಿಸಿದ ಮೇಲೆಯೇ ಯಾರಾದರೂ ಸ್ನಾನಕ್ಕೆ ಹೋಗಬೇಕು. ಸ್ಥಳ ಬದಲಿಸಿದ ಮೇಲೆ ಎರಡು ಸಾಲು ಬರೆದು ತಿಳಿಸಿ. ಅಲ್ಲಿಯವರೆಗೆ ನನಗೆ ಸಮಾಧಾನವಿರುವುದಿಲ್ಲ.